ಕ್ವಾರ್ಟ್ಜ್‌ಸೈಟ್ ಮರುಭೂಮಿಯಲ್ಲಿ ಚಳಿಗಾಲ: ಪುಕ್ಕಟೆ ಜಾಗವೋ, ಎಲ್‌ಟಿವಿಎಯೋ, ಆರ್‌ವಿ ಪಾರ್ಕೋ?

ಅಮೆರಿಕದ ಅರಿಜೋನಾದ ಕ್ವಾರ್ಟ್ಜ್‌ಸೈಟ್ ಸುತ್ತ ಆರ್‌ವಿ, ಅಂದರೆ ಒಳಗೇ ವಾಸ ಮಾಡಬಹುದಾದ ಗಾಡಿ, ನಿಲ್ಲಿಸಲು ಮೂರು ಬಗೆಯ ಜಾಗಗಳಿವೆ. ಸರ್ಕಾರಿ ಜಮೀನು ನೋಡಿಕೊಳ್ಳುವ ಬಿಎಲ್‌ಎಂ ಇಲಾಖೆಯ ಪುಕ್ಕಟೆ ಜಾಗ ಒಂದು. ಅದೇ ಇಲಾಖೆ ಚಳಿಗಾಲಕ್ಕೆಂದೇ ಮೀಸಲಿಟ್ಟ ಎಲ್‌ಟಿವಿಎ ಇನ್ನೊಂದು. ಖಾಸಗಿ ಆರ್‌ವಿ ಪಾರ್ಕ್ ಮೂರನೆಯದು. ಮೂರರಲ್ಲೂ ನಾವಿಬ್ಬರೂ ಉಳಿದು ನೋಡಿದ್ದೇವೆ. ಎಲ್ಲರೂ ಮೊದಲು ಬಾಡಿಗೆ ಎಷ್ಟು ಅಂತ ಕೇಳುತ್ತಾರೆ. ನನ್ನನ್ನು ಕೇಳಿದರೆ, ನೀರು ಎಲ್ಲಿ ಸಿಗುತ್ತೆ, ಕೊಳಕು ನೀರು ಎಲ್ಲಿ ಚೆಲ್ಲಬಹುದು ಅನ್ನೋದೇ ಮೊದಲ ಪ್ರಶ್ನೆ.

ಪ್ಲೊಮೋಸಾ ರಸ್ತೆ, ಡೋಮ್ ರಾಕ್ ಕಡೆ ಪುಕ್ಕಟೆ ಜಾಗಗಳಿವೆ. 28 ದಿನಗಳ ಅವಧಿಯಲ್ಲಿ 14 ದಿನ ಇರಬಹುದು, ಆಮೇಲೆ ಗಾಡಿ ಎತ್ತಬೇಕು. ಅಲ್ಲಿನ ನೆಮ್ಮದಿ ಬೇರೆಲ್ಲೂ ಸಿಗಲಿಲ್ಲ. ಆದರೆ ನಲ್ಲಿ ಇಲ್ಲ, ಕಸ ಹಾಕಲು ಜಾಗ ಇಲ್ಲ. ಕುಡಿಯುವ ನೀರನ್ನಾದರೂ ಕ್ಯಾನ್‌ಗಳಲ್ಲಿ ತರಬಹುದು. ಮೊದಲು ತುಂಬೋದು ಪಾತ್ರೆ ತೊಳೆದ, ಸ್ನಾನ ಮಾಡಿದ ನೀರು ಸೇರುವ ಗ್ರೇ ಟ್ಯಾಂಕ್. ತಟ್ಟೆಯನ್ನು ಪೇಪರ್‌ನಲ್ಲಿ ಒರೆಸಿ, ಸ್ಪ್ರೇ ಬಾಟಲಿಯಿಂದ ನೀರು ಚಿಮುಕಿಸಿ ಉಜ್ಜಿ, ಕೊನೆಗೆ ಸ್ವಲ್ಪ ನೀರಲ್ಲಿ ಜಾಲಿಸಿ. ಬಿಸಿನೀರು ಬರುವವರೆಗೆ ಸುಮ್ನೆ ಹರಿದುಹೋಗುವ ತಣ್ಣೀರನ್ನು ಬಕೆಟ್‌ನಲ್ಲಿ ಹಿಡಿದಿಟ್ಟರೆ ಟಾಯ್ಲೆಟ್‌ಗೆ ಆಗುತ್ತೆ. ಇಷ್ಟು ಮಾಡಿದರೇ ಟ್ಯಾಂಕ್ ಎಷ್ಟೋ ದಿನ ಜಾಸ್ತಿ ತಡೆಯುತ್ತೆ.

ಹೈವೇ 95ರ ಪಕ್ಕದ ಲಾ ಪೋಸಾ ಎಲ್‌ಟಿವಿಎಗೆ ಬಂದಾಗ ಈ ತಲೆನೋವು ಮುಕ್ಕಾಲುಪಾಲು ಹೋಯಿತು. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಇಡೀ ಸೀಸನ್‌ಗೆ ನಾವು ಕೊಟ್ಟದ್ದು 180 ಡಾಲರ್. 14 ದಿನಕ್ಕಾದರೆ 40 ಇತ್ತು. ಅದೇ ಪಾಸ್‌ನಲ್ಲಿ ಯೂಮಾ ಹತ್ತಿರದ ಇಂಪೀರಿಯಲ್ ಡ್ಯಾಮ್‌ಗೂ ಹೋಗಬಹುದು. ಲಾ ಪೋಸಾದಲ್ಲಿ ನೀರು, ಕೊಳಕು ನೀರು ಚೆಲ್ಲುವ ಡಂಪ್ ಸ್ಟೇಷನ್, ಕಸದ ತೊಟ್ಟಿ ಎಲ್ಲ ಇವೆ. ಚಕ್ರದ ಟೋಟ್ ಟ್ಯಾಂಕ್ ಒಂದಿದ್ದರೆ ಆರ್‌ವಿಯನ್ನು ಅಲುಗಾಡಿಸಬೇಕಿಲ್ಲ. ಕೊಳಕು ನೀರನ್ನು ಅದಕ್ಕಿಳಿಸಿ, ಕಾರಿನ ಹಿಂದೆ ಕಟ್ಟಿ, ಕಲ್ಲುನೆಲದ ಮೇಲೆ ನಡಿಗೆಯ ವೇಗದಲ್ಲಿ ಎಳೆದುಕೊಂಡು ಹೋಗಿ ಬನ್ನಿ. ಜೋರಾಗಿ ಹೋದರೆ ಚಕ್ರ ಕಿತ್ತುಬರುತ್ತೆ. ಜನವರಿಯ ಆರ್‌ವಿ ಮೇಳದ ಹೊತ್ತಿಗೆ ಡಂಪ್ ಸ್ಟೇಷನ್ ಮುಂದೆ ಉದ್ದ ಸಾಲು, ಹಾಗಾಗಿ ಬೆಳಗ್ಗೆ ಬೇಗ ಹೋಗೋದೇ ವಾಸಿ.

ಕರೆಂಟ್ ಈ ಎರಡೂ ಕಡೆ ಇಲ್ಲ, ಸೋಲಾರನ್ನೇ ನಂಬಬೇಕು. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಸೂರ್ಯ ನಡುಮಧ್ಯಾಹ್ನವೂ ಸುಮಾರು 33 ಡಿಗ್ರಿ ಎತ್ತರಕ್ಕಷ್ಟೇ ಏರುತ್ತಾನೆ. ಚಾವಣಿ ಮೇಲೆ ಮಲಗಿಸಿದ ಪ್ಯಾನಲ್‌ಗೆ ಬೀಳೋದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಬಿಸಿಲು. ದಕ್ಷಿಣಕ್ಕೆ ವಾಲಿಸಿ ನಿಲ್ಲಿಸಿ, ಜೋರು ಗಾಳಿ ಎದ್ದರೆ ಮತ್ತೆ ಮಲಗಿಸಿ. ರಾತ್ರಿ ಗಾಡಿ ಬೆಚ್ಚಗಿಡುವ ಫರ್ನೇಸ್ ಹಾಕಿದರೆ ಅದರ ಫ್ಯಾನೇ ಬ್ಯಾಟರಿ ತಿಂದುಹಾಕುತ್ತೆ. ಕರೆಂಟ್ ಬೇಡದ ಪ್ರೊಪೇನ್ ಹೀಟರ್ ನಮಗೆ ಹಿಡಿಸಿತು. ಆದರೆ ಅದು ಉರಿಯುವಾಗ ಕಿಟಕಿ ಸ್ವಲ್ಪ ತೆರೆದಿರಲೇಬೇಕು, ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಲೇಬೇಕು. ಮಲಗುವ ಮುಂಚೆ ಆರಿಸಿಬಿಡಿ.

ಆರ್‌ವಿ ಪಾರ್ಕ್‌ನಲ್ಲಿ ನೀರು, ಕರೆಂಟ್, ಚರಂಡಿ ಮೂರೂ ಗಾಡಿಯ ಬುಡದಲ್ಲೇ. ರಾತ್ರಿಯಿಡೀ ಉಸಿರಾಟದ ಯಂತ್ರ ಬೇಕಾದವರು ಅಲ್ಲಿರೋದೇ ಸರಿ. ಏಪ್ರಿಲ್ ದಾಟಿಯೂ ಇರುತ್ತೇನೆ ಅನ್ನುವವರಿಗೂ ಅದೇ ಸರಿ, ಆ ಬಿಸಿಲಿಗೆ ಏಸಿ ಇಲ್ಲದೆ ಆಗಲ್ಲ. ನಮಗಂತೂ ಅಷ್ಟು ಒತ್ತೊತ್ತಾಗಿ ಇರೋಕೆ ಮನಸ್ಸು ಒಪ್ಪಲಿಲ್ಲ.

ಎರಡು ವಾರದೊಳಗಾದರೆ ಪುಕ್ಕಟೆ ಜಾಗ ಸಾಕು. ಒಂದು ತಿಂಗಳು ದಾಟುತ್ತೆ ಅಂದರೆ ನನ್ನ ಓಟು ಎಲ್‌ಟಿವಿಎಗೇ. ಎರಡರಲ್ಲಿ ಎಲ್ಲೇ ನಿಂತರೂ ಒಣಹಳ್ಳದೊಳಗೆ ಗಾಡಿ ಹಾಕಬೇಡಿ, ದೂರದ ಬೆಟ್ಟದಲ್ಲಿ ಮಳೆ ಬಿದ್ದರೂ ಅಲ್ಲಿ ನೀರು ನುಗ್ಗುತ್ತೆ. ರಾತ್ರಿ ಕಾರಿನ ಬಾನೆಟ್ ಎತ್ತಿಡಿ. ಮುಚ್ಚಿದ್ದರೆ ಇಲಿಗಳು ಎಂಜಿನ್ ಹತ್ತಿರ ಗೂಡು ಕಟ್ಟಿ ವೈರ್ ಕಡಿಯುತ್ತವೆ.