ಟೀನ್, ಮೆಚೂರ್, ಎಕ್ಸ್‌ಪ್ಲಿಸಿಟ್: ಮೈಸೂರು–ಮಂಡ್ಯ ರೈಲಿನಲ್ಲಿ ಓದಿ ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ, ಅಭಿಮಾನಿಗಳು ಬರೆಯುವ ಕಥೆಗಳ ಮೇಲೆ ಯಾವ ವಯಸ್ಸಿನವರಿಗೆ ಅಂತ ಹಾಕುವ ಈ ಮೂರು ರೇಟಿಂಗುಗಳಲ್ಲಿ ನನ್ನ ಓಟು ಮೆಚೂರ್‌ಗೆ. ಆದರೆ ಸುಮ್ನೆ 'ದೊಡ್ಡವರಿಗೆ' ಅಂತ ಚೀಟಿ ಅಂಟಿಸಿ ಬಿಟ್ಟದ್ದಕ್ಕಲ್ಲ. ಒಳಗೆ ಏನಿದೆ ಅಂತ ಬಾಗಿಲಲ್ಲೇ ಬಿಡಿಸಿ ಹೇಳುವ ಮೆಚೂರ್‌ಗೆ. ಈ ಎರಡೂ ಒಂದೇ ಅಲ್ಲ ಅಂತ ತಿಳಿಯುವ ಹೊತ್ತಿಗೆ ₹799 ಹೋಗಿತ್ತು, ಜೊತೆಗೆ ಒಂದು ವಾರದ ನೆಮ್ಮದಿಯೂ ಹೋಗಿತ್ತು.

ನನ್ನ ಮನೆ ಕುವೆಂಪುನಗರದಲ್ಲಿ, ಕೆಲಸ ಮಂಡ್ಯದಲ್ಲಿ. ದಿನಾ ರೈಲು. ಹೋಗುವಾಗ ಮುಕ್ಕಾಲು ಗಂಟೆ, ಬರುವಾಗ ಮುಕ್ಕಾಲು ಗಂಟೆ. ಆ ಹೊತ್ತಿನಲ್ಲಿ ನಾನು ಓದುವುದು ಫ್ಯಾನ್ ಫಿಕ್ಷನ್, ಅದರಲ್ಲೂ ಮಹಾಭಾರತದ್ದು. ಅಭಿಮಾನಿಗಳು ತಮಗಿಷ್ಟವಾದ ಪಾತ್ರಗಳನ್ನು ಇಟ್ಟುಕೊಂಡು ತಾವೇ ಬರೆಯುವ ಕಥೆಗಳು. ಹೆಸರು ಹೊಸದು ಅಷ್ಟೇ. ರಾತ್ರಿಯಿಡೀ ಕುರುಕ್ಷೇತ್ರ ನಾಟಕ ನೋಡಿ ಬಂದು, ಬೆಳಗ್ಗೆ ಟೀ ಅಂಗಡಿ ಮುಂದೆ ನಿಂತು, ಕರ್ಣ ಆವತ್ತು ಕುಂತಿ ಮಾತಿಗೆ ಕರಗದೆ ಇದ್ದಿದ್ದರೆ ಏನಾಗುತ್ತಿತ್ತು ಅಂತ ವಾದ ಮಾಡುವವರು ನಮ್ಮ ಮಂಡ್ಯ ಕಡೆ ಎಷ್ಟು ಜನ ಇಲ್ಲ! ಪಂಪ ಅಂತೂ 941ರಲ್ಲೇ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯಾಗಿ ಮಾಡಿ ಕಾವ್ಯ ಬರೆದ.

ಟೀನ್ ಅಂದರೆ ಹದಿಮೂರು ದಾಟಿದವರು ಓದಬಹುದಾದ್ದು. ಚೆನ್ನಾಗಿರುತ್ತವೆ. ತಲೆನೋವು ಬಂದ ದಿನ, ಮಾರ್ಚ್ ತಿಂಗಳ ಲೆಕ್ಕ ಮುಗಿಸಿ ಸುಸ್ತಾದ ದಿನ ನಾನೂ ಅದನ್ನೇ ಓದುತ್ತೇನೆ.

ಎಕ್ಸ್‌ಪ್ಲಿಸಿಟ್ ಅಂದರೆ ಹಾಸಿಗೆ ವಿಷಯ ಪೂರಾ ಬಿಚ್ಚಿ ಬರೆದದ್ದು. ಅದು ನನಗೆ ಆಗಿ ಬರಲಿಲ್ಲ. ದೊಡ್ಡವರು ದೊಡ್ಡವರಿಗೆ ಬರೆದದ್ದು, ಅದರಲ್ಲಿ ತಪ್ಪು ಹುಡುಕುವುದಿಲ್ಲ. ಹತ್ತು ಹನ್ನೆರಡು ಓದಿದೆ. ಕೋಣೆಯ ಬಾಗಿಲು ಮುಚ್ಚಿದ ಮೇಲೆ ಕರ್ಣ ಕರ್ಣನಾಗಿ ಉಳಿಯುವುದೇ ಇಲ್ಲ. ಹೆಸರು ಬದಲಿಸಿದರೆ ಯಾರು ಬೇಕಾದರೂ ಆಗಬಹುದು. ನಾನು ಅವನಿಗೋಸ್ಕರ ತಾನೇ ಬಂದಿದ್ದು? ಅಲ್ಲದೆ ರೈಲಿನಲ್ಲಿ ಪಕ್ಕದವರ ಕಣ್ಣು ನಮ್ಮ ಫೋನಿನ ಮೇಲೇ ಇರುತ್ತದೆ.

ಇನ್ನು ಮೆಚೂರ್, ಅಂದರೆ ದೊಡ್ಡವರ ವಿಷಯ ಇದ್ದರೂ ಅಷ್ಟು ಬಿಚ್ಚಿ ಬರೆಯದ್ದು. ಜನ ಅಂದುಕೊಂಡಷ್ಟು ಹಾಸಿಗೆ ವಿಷಯ ಇದರಲ್ಲಿ ಇರುವುದಿಲ್ಲ. ನನಗೆ ಇದರ ಹುಚ್ಚು ಹಿಡಿಸಿದ್ದು ದುರ್ಯೋಧನನ ಹೆಂಡತಿ ಭಾನುಮತಿಯ ಮೇಲಿನ ಒಂದು ಕಥೆ. ಯುದ್ಧ ಮುಗಿದಿದೆ. ದುರ್ಯೋಧನನ ಮೇಲುಹೊದಿಕೆ ಅವಳ ಪೆಟ್ಟಿಗೆಯಲ್ಲಿದೆ. ದಾಸಿ ಅದನ್ನು ಒಗೆಯೋಕೆ ತೆಗೆದುಕೊಂಡಾಗ ಇವಳು ಕಿತ್ತುಕೊಳ್ಳುತ್ತಾಳೆ, ಬೆವರಿನ ವಾಸನೆ ಹೋಗಿಬಿಡುತ್ತದೆ ಅಂತ. ಆಮೇಲೆ ಎರಡು ಪುಟ ಅವಳ ಮೈಗೆ ಅವನು ಬೇಕೆನಿಸುವುದು, ಹಾಗೆ ಅನಿಸಿದ್ದಕ್ಕೆ ಅವಳಿಗೇ ಭಯವಾಗುವುದು. ನೂರು ಮಕ್ಕಳನ್ನು ಕಳೆದುಕೊಂಡ ಅತ್ತೆ ಪಕ್ಕದ ಕೋಣೆಯಲ್ಲಿ ಇದ್ದಾಳೆ. ಅಶ್ಲೀಲ ಅನ್ನುವಂಥದ್ದು ಒಂದು ಪದವೂ ಇಲ್ಲ. ಆದರೂ ಇದನ್ನು ಹದಿಮೂರರ ಹುಡುಗಿಗೆ ಕೊಡೋಕೆ ಆಗುತ್ತದಾ? ನಲವತ್ತು ದಾಟಿದ ನನಗೆ ಮಾತ್ರ ಅದು ಎದೆಗೇ ಬಂತು. ಗಂಡ ಸತ್ತ ಹೆಂಗಸಿಗೆ ಮೈ ಅಂತ ಒಂದಿದೆ ಅನ್ನುವುದನ್ನು ನಮ್ಮ ಮನೆಗಳಲ್ಲಿ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ.

ಈಗ ಆ ₹799ರ ವಿಷಯ.

ಹೋದ ವರ್ಷ ಒಂದು ಕಥೆ ಆ್ಯಪ್‌ಗೆ ವರ್ಷದ ಚಂದಾ ಕಟ್ಟಿದೆ. ಹೆಸರು ಬೇಡ. ಅದರಲ್ಲಿ ವಯಸ್ಕರ ಕಥೆಗಳಿಗೆ ಇರುವುದು ಒಂದೇ ಸ್ವಿಚ್. ಆನ್ ಮಾಡಿದರೆ ಎಲ್ಲವೂ ಬರುತ್ತದೆ, ಆಫ್ ಮಾಡಿದರೆ ಯಾವುದೂ ಇಲ್ಲ. ಕಥೆಯ ಮೇಲೆ 18+ ಅಂತ ಗುರುತು, ಮುಗಿಯಿತು. ಯಾಕೆ 18+? ಮಂಚವಾ, ರಕ್ತವಾ, ಸಾವಾ, ಬಲಾತ್ಕಾರವಾ? ಓದಿಯೇ ತಿಳಿಯಬೇಕು.

ಆ ವರ್ಷವೇ ನಮ್ಮಪ್ಪ ತೀರಿಕೊಂಡಿದ್ದರು. ಹನ್ನೊಂದು ದಿನ ಐಸಿಯು. ನಾಲ್ಕು ತಿಂಗಳೂ ಆಗಿರಲಿಲ್ಲ. ಮನಸ್ಸು ಬೇರೆ ಕಡೆ ಹೋಗಲಿ ಅಂತ ಒಂದು ಪ್ರೇಮಕಥೆ ಹಿಡಿದೆ. ಎಂಟು ಅಧ್ಯಾಯ ನಗುತ್ತಾ ಓದಿದೆ. ರೈಲು ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ದಾಟುವಾಗ ಒಂಬತ್ತನೆಯದು ತೆರೆದೆ. ನಾಯಕಿಯ ಅಪ್ಪ ವೆಂಟಿಲೇಟರ್ ಮೇಲೆ. ಬಾಯಿಗೆ ಹಾಕಿದ ನಳಿಕೆ ಜಾರದ ಹಾಗೆ ಕೆನ್ನೆಗೆ ಅಂಟಿಸಿದ ಟೇಪು, ಆ ಟೇಪಿನ ಕೆಳಗೆ ಬೆಳೆದ ಬಿಳಿ ಗಡ್ಡ. ಅಷ್ಟೇ ಓದಿದ್ದು. ನಮ್ಮಪ್ಪನ ಕೆನ್ನೆಯೂ ಹಾಗೇ ಇತ್ತು, ದಿನಾ ತಪ್ಪದೆ ಶೇವ್ ಮಾಡಿಕೊಳ್ಳುತ್ತಿದ್ದ ಮನುಷ್ಯ. ಪಾಂಡವಪುರದಲ್ಲಿ ನನ್ನ ಗೆಳತಿ ಹತ್ತಿದವಳೇ "ಏನಾಯ್ತಕ್ಕ?" ಅಂತ ಪಕ್ಕ ಕೂತು ಕೈ ಹಿಡಿದುಕೊಂಡಳು. ಆವತ್ತು ಆಫೀಸಿನಲ್ಲಿ ಕೆಲಸ ಸಾಗಲಿಲ್ಲ, ವಾರದ ತನಕ ನಿದ್ದೆಯೂ ಸರಿ ಬರಲಿಲ್ಲ.

ಬರೆದವರ ಮೇಲೆ ನನಗೆ ಕೋಪ ಇಲ್ಲ. ಅಷ್ಟು ಹತ್ತಿರದಿಂದ ಬರೆದಿದ್ದಾರೆ ಅಂದರೆ ಅವರೂ ಯಾರನ್ನೋ ಹಾಗೆ ನೋಡಿಕೊಂಡಿರಬೇಕು. ನನ್ನ ಸಿಟ್ಟು ಆ ಸ್ವಿಚ್ ಮೇಲೆ. ಆಸ್ಪತ್ರೆ, ಸಾವು ಅಂತ ಮೇಲೆ ಒಂದೇ ಒಂದು ಸಾಲು ಇದ್ದಿದ್ದರೆ ಆ ಕಥೆಯನ್ನು ಮುಂದಿನ ವರ್ಷಕ್ಕೆ ಎತ್ತಿಡುತ್ತಿದ್ದೆ. ಸ್ವಿಚ್ ಆಫ್ ಮಾಡಿ ನೋಡಿದೆ, ಸಾವಿನ ಜೊತೆ ಒಳ್ಳೆಯ ಕಥೆಗಳೂ ಮಾಯ. ಉಳಿದಿದ್ದು ಕಾಲೇಜು ಹುಡುಗ ಹುಡುಗಿಯರ ಪ್ರೇಮ ಮಾತ್ರ. ಆ್ಯಪ್‌ನವರಿಗೆ ಬರೆದು ಕೇಳಿದೆ. ಗುರುತು ಇತ್ತಲ್ಲ, ನಿಯಮದ ಪ್ರಕಾರವೇ ಇದೆ ಅಂತ ಉತ್ತರ ಬಂತು. ದುಡ್ಡು ವಾಪಸ್ ಬರಲಿಲ್ಲ. ಎಷ್ಟೋ ಜನ ದೊಡ್ಡವರ ಕಥೆ ಅಂದರೆ ದೂರ ಓಡುವುದು ಮಡಿವಂತಿಕೆಯಿಂದಲ್ಲ, ಹೀಗೆ ಒಂದು ಸಲ ಏಟು ತಿಂದಿರುವುದರಿಂದ ಅಂತ ನನಗೆ ಆಮೇಲೆ ಅರ್ಥವಾಯಿತು.

ಅದಾದ ಮೇಲೆ ಫ್ಯಾನ್ ಫಿಕ್ಷನ್ ಸಿಗುವ ತಾಣ ಆರ್ಕೈವ್ ಆಫ್ ಅವರ್ ಓನ್‌ಗೆ ಬಂದೆ, ಎಓ3 ಅಂತಾರೆ. ಲಾಭಕ್ಕಲ್ಲದ ಒಂದು ಸಂಸ್ಥೆ 2009ರಿಂದ ನಡೆಸುತ್ತಿದೆ, ದೇಣಿಗೆಯಲ್ಲಿ. ಜಾಹೀರಾತು ಇಲ್ಲ, ಓದೋಕೆ ದುಡ್ಡಿಲ್ಲ. ಇಲ್ಲಿ ರೇಟಿಂಗ್ ಬೇರೆ, ಎಚ್ಚರಿಕೆ ಬೇರೆ. ವಿಪರೀತ ಹಿಂಸೆ, ಮುಖ್ಯ ಪಾತ್ರದ ಸಾವು, ಬಲಾತ್ಕಾರ, ಅಪ್ರಾಪ್ತರ ಲೈಂಗಿಕತೆ, ಈ ನಾಲ್ಕು ಇದ್ದರೆ ಬರೆದವರು ಮೇಲೆ ಹಾಕಬೇಕು, ಹೇಳೋಕೆ ಇಷ್ಟ ಇಲ್ಲದಿದ್ದರೆ 'ಎಚ್ಚರಿಕೆ ಹೇಳುವುದಿಲ್ಲ' ಅಂತಾದರೂ ಹಾಕಬೇಕು. ಹಾಗೆ ಹಾಕಿದ್ದನ್ನು ನಾನು ಮುಟ್ಟುವುದಿಲ್ಲ. ಅದರ ಕೆಳಗೆ ಬರೆದವರೇ ಕೊಡುವ ಟ್ಯಾಗುಗಳು, ಕಥೆಯಲ್ಲಿ ಏನಿದೆ ಅಂತ ಹೇಳುವ ಸಣ್ಣ ಗುರುತುಗಳು. ಅಪ್ಪ ಅಮ್ಮನ ಸಾವಿನ ಟ್ಯಾಗು ಕಂಡರೆ ಆ ದಿನ ಮನಸ್ಸು ಹೇಗಿದೆ ನೋಡಿಕೊಂಡು ತೆರೆಯುತ್ತೇನೆ. ಈ ಟ್ಯಾಗು ಹಾಕಲೇಬೇಕು ಅಂತ ನಿಯಮ ಇಲ್ಲ, ಆದರೆ ಹೆಚ್ಚಿನವರು ಹಾಕುತ್ತಾರೆ. ಬೇಡದ್ದನ್ನು ಪಟ್ಟಿಯಿಂದಲೇ ತೆಗೆದುಹಾಕಬಹುದು, ಮುಗಿದ ಕಥೆ ಮಾತ್ರ ತೋರಿಸು ಅನ್ನಬಹುದು, ಇಪಬ್ (ಇ-ಪುಸ್ತಕದ ಫೈಲು) ಇಳಿಸಿಕೊಂಡು ನೆಟ್‌ವರ್ಕ್ ಇಲ್ಲದ ಕಡೆ ಓದಬಹುದು. ಖಾತೆ ಬೇಕಾದರೆ ಆಹ್ವಾನಕ್ಕೆ ಕಾಯಬೇಕು.

ಒಂದು ಕೊರತೆ ಇದೆ. ವಯಸ್ಕರ ಕಥೆ ತೆರೆಯುವ ಮುಂಚೆ ಅದು ಕೇಳುವುದು 'ಮುಂದೆ ಹೋಗಲಾ' ಅಂತ ಮಾತ್ರ. ಯಾರು ಬೇಕಾದರೂ ಒತ್ತಬಹುದು. ಮನೆಯಲ್ಲಿ ಪಿಯುಸಿ ಓದುವ ಮಗ ಇದ್ದಾನೆ, ಅದಕ್ಕೆ ಎಲ್ಲರೂ ಬಳಸುವ ಟ್ಯಾಬ್‌ನಲ್ಲಿ ನಾನು ಇದನ್ನು ತೆರೆಯುವುದಿಲ್ಲ.

ಫ್ಯಾನ್‌ಫಿಕ್ಷನ್ ಡಾಟ್ ನೆಟ್ ಅನ್ನುವ ಇನ್ನೊಂದು ತಾಣ 1998ರದ್ದು, ಹಳಬರು. ಅಲ್ಲಿ ಎಂ (ಮೆಚೂರ್) ಅಂದರೆ ಹದಿನಾರು ದಾಟಿದವರಿಗೆ, ತೀರಾ ಬಿಚ್ಚಿ ಬರೆದದ್ದಕ್ಕೆ ಜಾಗ ಇಲ್ಲ. ಒಂದೇ ಅಕ್ಷರ, ಎರಡು ಕಡೆ ಎರಡು ಅರ್ಥ, ನೋಡಿಕೊಳ್ಳಿ.

ನಾನು ಓದುವುದು ಹೆಚ್ಚಾಗಿ ಇಂಗ್ಲಿಷಿನವು, ಕನ್ನಡದಲ್ಲಿ ಓದಬಾರದಾ ಅಂತ ಕೇಳಬಹುದು. ಓದಿದೆ, ತುಂಬಾ ಆಸೆಯಿಂದ ಓದಿದೆ. ಇಲ್ಲಿ ತೊಡಕು ಪದಗಳದ್ದು. ಮೈಗೆ ಸಂಬಂಧಿಸಿದ ಮಾತು ಬಂದ ಕೂಡಲೇ ಒಂದೋ ಹಳೆಯ ಕಾವ್ಯದ ಸಂಸ್ಕೃತ, ಇಲ್ಲವೋ ಬಸ್‌ಸ್ಟ್ಯಾಂಡಿನ ಬೈಗುಳ. ನಡುವೆ ಗಂಡ ಹೆಂಡತಿ ರಾತ್ರಿ ಮಾತಾಡಿಕೊಳ್ಳುವ ಕನ್ನಡ ಇದೆಯಲ್ಲ, ಅದು ಬರಹಕ್ಕೆ ಬಂದಿರುವುದು ಕಡಿಮೆ. ಬಂದ ಕಡೆ ಮಾತ್ರ ಇಂಗ್ಲಿಷಿನ ಯಾವ ಕಥೆಯೂ ಅದರ ಹತ್ತಿರ ಬರುವುದಿಲ್ಲ. ಅಂಥದ್ದು ಜಾಸ್ತಿ ಬರಲಿ ಅಂತ ನಿಜವಾಗಿ ಆಸೆ ಇದೆ. ಇಂಗ್ಲಿಷಿನಲ್ಲಿ ಓದಿದರೆ ನಾಚಿಕೆ ಕಮ್ಮಿ, ಆದರೆ ತಟ್ಟುವುದೂ ಕಮ್ಮಿ.

ನನ್ನದು ದಿನಕ್ಕೆ ಒಂದೂವರೆ ಗಂಟೆ, ತಿಂಗಳಿಗೆ ಓದೋಕೆ ಅಂತ ಬೇರೆ ದುಡ್ಡು ಎತ್ತಿಡುವ ಸಂಬಳ ಅಲ್ಲ. ಹಾಗಾಗಿ ಎಓ3, ಮೆಚೂರ್, ಟ್ಯಾಗು ಇರುವುದು, ಮುಗಿದದ್ದು. ಆ್ಯಪ್‌ನ ಆಟೋ ಪೇ ತೆಗೆಸಿದ್ದೇನೆ.

ಪಾಂಡವಪುರದ ಗೆಳತಿ ಮಾತ್ರ ಮೆಚೂರ್ ಕಡೆ ತಲೆ ಹಾಕುವುದಿಲ್ಲ. "ಬೆಳಿಗ್ಗೆ ಕೃಷ್ಣಂಗೆ ದೀಪ ಹಚ್ಚಿ ಬಂದಿರ್ತೀನಿ ಕಣಕ್ಕ, ರೈಲು ಹತ್ತಿ ಅವನ್ನೇ ಹಂಗೆಲ್ಲಾ ಓದೋಕೆ ನನ್ ಕೈಲಾಗಕ್ಕಿಲ್ಲ" ಅಂದಿದ್ದಳು. ಅದೂ ಸರಿಯೇ, ನಾನು ವಾದ ಮಾಡಲಿಲ್ಲ. ಮೊನ್ನೆ ಇದ್ದಕ್ಕಿದ್ದಂತೆ ಆ ಭಾನುಮತಿ ಕಥೆ ಹೇಳಿ ಅಂದಳು. ಯಲಿಯೂರು ತನಕ ಹೇಳಿದೆ. ಇಳಿಯುವಾಗ "ಕೃಷ್ಣ ಇಲ್ದೇ ಇರೋದು ಸಿಕ್ಕುದ್ರೆ ಕಳ್ಸಿ" ಅಂದಳು. ರಾತ್ರಿ ಕೂತು ಪಟ್ಟಿಯಿಂದ ಕೃಷ್ಣನನ್ನು ತೆಗೆದು, ಎರಡು ಕಥೆ ಇಳಿಸಿ ಅವಳಿಗೆ ಕಳಿಸಿದೆ.