ಎಂಪರಿವಾಹನ್ ಆ್ಯಪ್: ಕಾರಿನ ಜಾತಕ ಹೇಳುತ್ತೆ, ಮಾರುವವನ ಜಾತಕ ಹೇಳಲ್ಲ

ಆನ್‌ಲೈನಿನಲ್ಲಿ ಹಳೇ ಕಾರು ಹುಡುಕಲು ಕೂತವರಿಗೆ ಸಿಗುವ ಮೊದಲ ಸಲಹೆ, "ನಂಬರ್ ಹಾಕಿ ಎಂಪರಿವಾಹನ್‌ನಲ್ಲಿ ಒಂದ್ಸಲ ನೋಡ್ಬಿಡು" ಅನ್ನೋದು. ಸಲಹೆ ಸರಿಯೇ. ಆ್ಯಪ್ ಪುಕ್ಕಟೆ, ಕೇಂದ್ರ ಸರ್ಕಾರದ ಐಟಿ ಸಂಸ್ಥೆ ಎನ್‌ಐಸಿ ರೂಪಿಸಿದ್ದು, ಅದರಲ್ಲಿ ಕಾಣುವುದು ಆರ್‌ಟಿಓಗಳು ದಾಖಲಿಸುವ ವಾಹನ್ ದತ್ತಾಂಶವೇ. ತೊಂದರೆ ಶುರುವಾಗುವುದು ಅಲ್ಲಿ ಎಲ್ಲವೂ ಸರಿಯಾಗಿ ಕಂಡ ಮೇಲೆ. ಮೋಸದ ಜಾಹೀರಾತಿನ ಕಾರಿನ ನಂಬರು ಎಷ್ಟೋ ಸಲ ಅಸಲಿಯೇ ಆಗಿರುತ್ತೆ: ಬೇರೆ ಯಾರೋ ಪ್ರಾಮಾಣಿಕವಾಗಿ ಮಾರಾಟಕ್ಕಿಟ್ಟ ಕಾರಿನ ಫೋಟೊ, ಅದರದ್ದೇ ಆರ್‌ಸಿ, ಅದರದ್ದೇ ಇನ್ಶೂರೆನ್ಸ್ ಪ್ರತಿ. ಆ್ಯಪ್ ಆ ಕಾರಿನ ಬಗ್ಗೆ ನಿಜವನ್ನೇ ಹೇಳುತ್ತೆ. ಅದನ್ನು ನೋಡಿದವರು ಫೋನಿನ ಆಚೆ ತುದಿಯಲ್ಲಿರುವವನನ್ನೂ ನಂಬಿ ಟೋಕನ್ ದುಡ್ಡು ಕಳಿಸಿಬಿಡುತ್ತಾರೆ.

ಮೊದಲು ಇನ್‌ಸ್ಟಾಲ್ ಮಾಡುವ ಮಾತು. ಪ್ಲೇಸ್ಟೋರ್ ಅಥವಾ ಆಪಲ್‌ನ ಆ್ಯಪ್‌ಸ್ಟೋರ್‌ನಿಂದ ಮಾತ್ರ ಹಾಕಿಕೊಳ್ಳಿ. "ನಿಮ್ಮ ಗಾಡಿಗೆ ಚಲನ್ ಬಿದ್ದಿದೆ" ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುವ ಎಪಿಕೆ ಫೈಲ್ (ಸ್ಟೋರ್ ಬಿಟ್ಟು ನೇರವಾಗಿ ಆ್ಯಪ್ ಹಾಕಿಸುವ ಫೈಲ್) ಒತ್ತಿ ಇನ್‌ಸ್ಟಾಲ್ ಮಾಡಿದರೆ ಫೋನಿಗೆ ಬರುವ ಮೆಸೇಜು, ಓಟಿಪಿ ಎಲ್ಲ ಬೇರೆಯವರ ಕೈಗೆ ಹೋಗುತ್ತೆ. ಪರಿವಾಹನ್ ಹೆಸರಿನಲ್ಲೇ ಈ ದಂಧೆ ನಡೆದಿದೆ.

ನಂಬರ್ ಹಾಕಿದರೆ ಮಾಡೆಲ್, ನೋಂದಣಿ ದಿನ, ಇಂಧನ, ಇನ್ಶೂರೆನ್ಸ್ ಮತ್ತು ಎಮಿಷನ್ ಅವಧಿ, ಸಾಲ ಕೊಟ್ಟ ಬ್ಯಾಂಕಿನ ಹೆಸರು ಬರುತ್ತೆ. ಇದರಲ್ಲಿ ಎಲ್ಲಕ್ಕಿಂತ ಬೆಲೆಬಾಳುವುದು ಕೊನೆಯದು. "ಲೋನ್ ಮುಗಿದು ವರ್ಷವಾಯ್ತು" ಎಂದು ಮಾರುವವರು ಹೇಳಿದರೂ ಬ್ಯಾಂಕಿನ ಹೆಸರು ಇನ್ನೂ ಕಂಡರೆ ಎರಡು ಸಾಧ್ಯತೆ: ಸಾಲ ಬಾಕಿಯಿದೆ, ಇಲ್ಲವೇ ಸಾಲ ತೀರಿದ್ದರೂ ಫಾರಂ 35 ಮತ್ತು ಬ್ಯಾಂಕಿನ ಎನ್‌ಓಸಿ (ನಿರಾಕ್ಷೇಪಣಾ ಪತ್ರ) ಆರ್‌ಟಿಓಗೆ ಕೊಟ್ಟು ಆರ್‌ಸಿಯಿಂದ ಹೈಪಾಥಿಕೇಷನ್, ಅಂದರೆ ಕಾರಿನ ಮೇಲಿನ ಸಾಲದ ನಮೂದು, ತೆಗೆಸಿಲ್ಲ. ಕಂತು ಕಟ್ಟಿ ಮುಗಿಸಿದ ಮಾತ್ರಕ್ಕೆ ಅದು ತಾನಾಗಿ ಹೋಗುತ್ತೆ ಎಂದುಕೊಳ್ಳಬೇಡಿ. ಸಾಲ ಬಾಕಿಯಿದ್ದರೆ ಬ್ಯಾಂಕಿನಿಂದ ಫೋರ್‌ಕ್ಲೋಷರ್ ಪತ್ರ (ಸಾಲ ಪೂರ್ತಿ ತೀರಿಸಲು ಎಷ್ಟು ಕಟ್ಟಬೇಕು ಎಂದು ಹೇಳುವ ಪತ್ರ) ತರಿಸಿ, ಅದರಲ್ಲಿರುವ ಮೊತ್ತವನ್ನು ನೇರವಾಗಿ ಆ ಲೋನ್ ಖಾತೆಗೇ ಕಟ್ಟಿ. ಮಿಕ್ಕಿದ್ದು ಎನ್‌ಓಸಿ ಕೈಗೆ ಬಂದ ಮೇಲೆ. "ನನ್ನ ಅಕೌಂಟಿಗೆ ಹಾಕಿ, ನಾನೇ ಕಟ್ತೀನಿ" ಅನ್ನುವ ಮಾತಿಗೆ ಒಪ್ಪಲೇಬೇಡಿ.

ಮಾಲೀಕರ ಹೆಸರು ಮಾತ್ರ ನಡುನಡುವೆ ನಕ್ಷತ್ರ ಚಿಹ್ನೆ ಹಾಕಿ ಮುಚ್ಚಿರುತ್ತೆ. ಖಾಸಗಿತನದ ದೃಷ್ಟಿಯಿಂದ ಇದು ಸರಿ, ಕೊಳ್ಳುವವರಿಗೆ ಮಾತ್ರ ಇದೇ ದೊಡ್ಡ ಕೊರತೆ. ಇದಕ್ಕೊಂದು ದಾರಿಯಿದೆ. ಆರ್‌ಸಿಯ ಫೋಟೊ ಕೇಳಬೇಡಿ, ಮಾರುವವರು ನಿಮ್ಮೆದುರೇ ತಮ್ಮ ಡಿಜಿಲಾಕರ್ (ದಾಖಲೆಗಳನ್ನು ಇಡುವ ಸರ್ಕಾರಿ ಆ್ಯಪ್) ತೆರೆದು ಆರ್‌ಸಿ ತೋರಿಸಲಿ. ಆಧಾರ್‌ನಲ್ಲಿರುವ ಹೆಸರಿಗೂ ಆರ್‌ಸಿಯ ಹೆಸರಿಗೂ ಹೊಂದಿಕೆಯಾದರಷ್ಟೇ ಅಲ್ಲಿಗೆ ದಾಖಲೆ ಬರುತ್ತೆ, ಹಾಗಾಗಿ ಕದ್ದ ಫೋಟೊ ಇಟ್ಟುಕೊಂಡವನಿಗೆ ಇದು ಆಗದ ಕೆಲಸ. ನಮ್ಮ ಕಡೆ ಇನಿಷಿಯಲ್ ಕಾಟ ಇದ್ದೇ ಇದೆ, ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇರುವುದರಿಂದ ನಿಜವಾದ ಮಾಲೀಕರಿಗೂ ಕೆಲವೊಮ್ಮೆ ಸಿಗಲ್ಲ. ಆಗ ಅಸಲಿ ಆರ್‌ಸಿ ಕಾರ್ಡು ಮತ್ತು ಆಧಾರ್ ಎರಡನ್ನೂ ಕೈಯಲ್ಲಿ ಹಿಡಿದು ನೋಡಿ.

ಯಾವ ಆ್ಯಪೂ ಹಿಡಿಯದ ಮೋಸಗಳಲ್ಲಿ ಹೆಚ್ಚು ಕೇಳಿಬರುವುದು ಸೈನಿಕರ ವೇಷದ್ದು. ನಾಲ್ಕು ಲಕ್ಷಕ್ಕೆ ಹೋಗುವ ಕಾರು ಒಂದೂವರೆ ಲಕ್ಷಕ್ಕೆ. ಮಾರುವವನು ಸಿಐಎಸ್‌ಎಫ್ ಜವಾನ, ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಡ್ಯೂಟಿ, ದೂರದ ಊರಿಗೆ ವರ್ಗ ಆಗಿದೆ, ಅರ್ಜೆಂಟು. ಯೂನಿಫಾರಂ ಫೋಟೊ, ಐಡಿ, ಕ್ಯಾಂಟೀನ್ ಕಾರ್ಡು ಕೇಳದೇ ಬರುತ್ತವೆ. ಕಾರು ನೋಡಬೇಕು ಎಂದರೆ ಒಳಗೆ ಬಿಡಲ್ಲ, ಆರ್ಮಿ ಟ್ರಾನ್ಸ್‌ಪೋರ್ಟಿನಲ್ಲಿ ನಿಮ್ಮ ಮನೆ ಬಾಗಿಲಿಗೇ ಬರುತ್ತೆ ಅನ್ನುತ್ತಾನೆ. ಮೊದಲು ಕೇಳುವುದು ಎರಡು ಸಾವಿರವೋ ಐದು ಸಾವಿರವೋ ಸಾಗಣೆ ಖರ್ಚು. ಆಮೇಲೆ ಗೇಟ್ ಪಾಸ್, ಜಿಎಸ್‌ಟಿ, ನಂತರ "ಸಿಸ್ಟಂನಲ್ಲಿ ಸಿಕ್ಕಿಕೊಂಡಿದೆ, ಇನ್ನೊಮ್ಮೆ ಹಾಕಿದರೆ ಎರಡೂ ಸೇರಿ ವಾಪಸ್". ಮೊದಲು ಕೊಟ್ಟಿದ್ದು ಮುಳುಗಬಾರದು ಅನ್ನುವ ಆತಂಕವೇ ಮುಂದಿನ ಕಂತನ್ನು ಕೊಡಿಸುತ್ತೆ. ಓದಿದವರು, ದೊಡ್ಡ ಕೆಲಸದಲ್ಲಿರುವವರು ಕೂಡ ಇದರಲ್ಲಿ ಬೀಳುವುದು ಹೀಗೇ, ಅದಕ್ಕೆ ಅವರನ್ನು ದಡ್ಡರು ಅನ್ನುವುದು ತಪ್ಪು. ನಿಜವಾದ ಜವಾನರ ಸ್ವಂತ ಕಾರು ಮಾರಾಟವಾಗುವುದೂ ಎಲ್ಲರಂತೆ ಮಾಲೀಕತ್ವ ವರ್ಗಾಯಿಸುವ ಫಾರಂ 29, ಫಾರಂ 30ರಲ್ಲೇ. ಅದಕ್ಕೆ ಸೇನೆಯ ಲಾರಿಯೂ ಇಲ್ಲ, ಗೇಟ್ ಪಾಸ್ ಶುಲ್ಕವೂ ಇಲ್ಲ.

ಇದಕ್ಕಿಂತ ನಾಜೂಕಾದದ್ದು ಮೂರು ಜನರ ಮೋಸ. ಇದರಲ್ಲಿ ಕಾರು ಇದೆ, ನಿಜವಾದ ಮಾಲೀಕರೂ ಇದ್ದಾರೆ, ನೀವು ಹೋಗಿ ಓಡಿಸಿಯೂ ನೋಡುತ್ತೀರಿ. ವಂಚಕ ಮಾಲೀಕರಿಗೆ ಫೋನ್ ಮಾಡಿ ಕೇಳಿದ ಬೆಲೆಗೇ ಒಪ್ಪುತ್ತಾನೆ: "ನಮ್ಮ ತಮ್ಮ ಬಂದು ನೋಡ್ತಾನೆ, ಅವನಿಗೆ ನಾನು ದುಡ್ಡು ಕೊಡೋದಿದೆ, ಅದಕ್ಕೇ ಕಾರು ಕೊಡಿಸ್ತಿದ್ದೀನಿ. ರೇಟ್ ಮಾತ್ರ ಹೇಳಬೇಡಿ ಸಾರ್." ಅದೇ ಕಾರನ್ನು ಇನ್ನೊಂದು ಜಾಹೀರಾತಿನಲ್ಲಿ ಕಡಿಮೆ ಬೆಲೆಗೆ ಹಾಕಿ ನಿಮಗೆ ಹೇಳುವುದು: "ಅಲ್ಲಿರೋದು ನಮ್ಮ ಭಾವ, ಕಾರು ತೋರಿಸ್ತಾರೆ. ರೇಟ್ ನನ್ನ ಹತ್ರ ಮಾತ್ರ ಮಾತಾಡಿ." ಇಬ್ಬರೂ ಮಾತು ಉಳಿಸಿಕೊಂಡು ಬೆಲೆ ಎತ್ತುವುದಿಲ್ಲ. ಕಾರು ಇಷ್ಟವಾಗುತ್ತೆ, ದುಡ್ಡು ವಂಚಕನ ಖಾತೆಗೆ ಹೋಗುತ್ತೆ. ಮಾಲೀಕರು ಕೀ ಕೊಡಲ್ಲ, ಏಕೆಂದರೆ ಅವರಿಗೆ ಒಂದು ರೂಪಾಯಿಯೂ ಬಂದಿರಲ್ಲ. ಅಂಗಳದಲ್ಲಿ ನಿಂತು ಜಗಳವಾಡುವವರು ಇಬ್ಬರು ಪ್ರಾಮಾಣಿಕರು.

ಇದಕ್ಕೆ ಮದ್ದು ಎರಡೇ. ಕಾರಿನ ಪಕ್ಕದಲ್ಲಿ ನಿಂತು ಮಾಲೀಕರ ಬಾಯಿಂದಲೇ "ಎಷ್ಟಕ್ಕೆ ಕೊಡ್ತಿದ್ದೀರಿ, ದುಡ್ಡು ಯಾವ ಖಾತೆಗೆ ಹಾಕಲಿ" ಎಂದು ಕೇಳಿ. ಮತ್ತೆ, ಆರ್‌ಸಿಯಲ್ಲಿರುವ ಹೆಸರಿನ ಖಾತೆಗೇ ಹಾಕಿ, ಅಣ್ಣನದ್ದು, ಹೆಂಡತಿಯದ್ದು, ಬ್ರೋಕರ್‌ದು ಬೇಡ. ನೆಫ್ಟ್, ಆರ್‌ಟಿಜಿಎಸ್‌ನಲ್ಲಿ ಕಳಿಸುವ ಮೊದಲು ಖಾತೆದಾರರ ಹೆಸರು ನೋಡುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹೇಳಿತ್ತು. ಅದನ್ನು ಬಳಸಿ. ಕಾರು ಮಾರುವವರಿಗೂ ಒಂದು ಮಾತು: ದುಡ್ಡು ಬರಬೇಕಾದರೆ ಯುಪಿಐ ಪಿನ್ ಒತ್ತುವ, ಕ್ಯೂಆರ್ ಸ್ಕ್ಯಾನ್ ಮಾಡುವ ಕೆಲಸವೇ ಇಲ್ಲ.

ಇನ್ನು ಕಾರನ್ನೇ ನೋಡುವ ಕೆಲಸ. ನೆರೆ ನೀರು ಎಲ್ಲಿವರೆಗೆ ಬಂದಿತ್ತು, ಮೀಟರ್ ಎಷ್ಟು ಹಿಂದಕ್ಕೆ ತಿರುಗಿಸಿದ್ದಾರೆ, ಇದನ್ನೆಲ್ಲ ಆ್ಯಪ್ ಹೇಳಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಔಟರ್ ರಿಂಗ್ ರೋಡ್, ಯಮಲೂರು ಕಡೆ ಬೇಸ್‌ಮೆಂಟುಗಳಲ್ಲಿ ಮುಳುಗಿದಂಥ ಕಾರುಗಳು ತೊಳೆದು, ಪಾಲಿಶ್ ಹೊಡೆದರೆ ಫೋಟೊದಲ್ಲಿ ಹೊಸತರಂತೆಯೇ ಕಾಣುತ್ತವೆ. ಸೀಟ್‌ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ, ಮೇಲಿನ ಅರ್ಧ ಒಂದು ಬಣ್ಣ, ಕೆಳಗಿನ ಅರ್ಧ ಕೆಸರಿನ ಬಣ್ಣ ಇದ್ದರೆ ಅಲ್ಲಿಗೆ ಬಿಡಿ. ಸೀಟಿನ ಕೆಳಗಿನ ಹಳಿಗಳ ತುಕ್ಕು, ಸ್ಟೆಪ್ನಿ ಗುಂಡಿಯ ಹೂಳು, ಫ್ಯೂಸ್ ಬಾಕ್ಸಿನ ಹಸಿರು ಪಾಚಿಯಂಥ ಕಲೆ, ಇವು ಮೂರೂ ತೊಳೆದರೆ ಸುಲಭಕ್ಕೆ ಹೋಗಲ್ಲ.

ಚಾಸಿ ನಂಬರನ್ನು ಬಾಡಿಯ ಮೇಲಿನ ಅಚ್ಚಿನಲ್ಲೇ ಓದಿ, ಆರ್‌ಸಿಯ ಜೊತೆ ಒಂದೊಂದೇ ಅಕ್ಷರ ಹೊಂದಿಸಿ. ಒಟ್ಟು 17 ಅಕ್ಷರ ಮತ್ತು ಅಂಕಿ, ಐ, ಓ, ಕ್ಯೂ ಅಕ್ಷರಗಳು ಇರುವಂತಿಲ್ಲ. ಮಾರುತಿ ಸಾಮಾನ್ಯವಾಗಿ ಎಂಎ3 ಎಂದು, ಹ್ಯುಂಡೈ ಎಂಎಎಲ್ ಎಂದು, ಟಾಟಾ ಎಂಎಟಿ ಎಂದು ಶುರುವಾಗುತ್ತೆ. ಅಚ್ಚಿನ ಸುತ್ತ ಪೇಂಟ್ ಹೊಸದಾಗಿದ್ದರೆ ಅಥವಾ ವೆಲ್ಡಿಂಗ್ ಗುರುತಿದ್ದರೆ ಅಲ್ಲಿಂದ ಎದ್ದು ಬನ್ನಿ. ಕದ್ದ ಕಾರಿನ ಅನುಮಾನವಿದ್ದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ (ಎನ್‌ಸಿಆರ್‌ಬಿ) ಡಿಜಿಟಲ್ ಪೊಲೀಸ್ ಪೋರ್ಟಲಿನಲ್ಲಿ ವಾಹನದ ಎನ್‌ಓಸಿ ತೆಗೆದುಕೊಳ್ಳಬಹುದು.

ಇನ್ಶೂರೆನ್ಸ್ ಪಾಲಿಸಿಯೂ ಮಾತಾಡುತ್ತೆ. ಕ್ಲೈಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ, ಅಂದರೆ ನೋ ಕ್ಲೈಮ್ ಬೋನಸ್, 20, 25, 35, 45, 50 ಪರ್ಸೆಂಟ್ ಎಂದು ಮೆಟ್ಟಿಲು ಹತ್ತುತ್ತೆ. ಒಬ್ಬರೇ ಮಾಲೀಕರ ಐದು ವರ್ಷದ ಕಾರಿನ ಪಾಲಿಸಿಯಲ್ಲಿ ಅದು ಸೊನ್ನೆ ಇದ್ದರೆ, ಇತ್ತೀಚೆಗೆ ಕ್ಲೈಮ್ ಆಗಿದೆಯೇ ಅಥವಾ ಪಾಲಿಸಿ ಮಧ್ಯೆ ತಪ್ಪಿತ್ತೇ ಎಂದು ಕೇಳಿ, ಉತ್ತರ ಸರಿಯಿಲ್ಲದಿದ್ದರೆ ಸರ್ವಿಸ್ ಸೆಂಟರಿನ ಬಿಲ್ಲುಗಳನ್ನು ಕೇಳಿ. ಮೀಟರ್ ಅನುಮಾನವೂ ಆ ಬಿಲ್ಲುಗಳಲ್ಲೇ ಬಯಲಾಗುತ್ತೆ. ಟೈರಿನ ಮೇಲಿನ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ: 3221 ಎಂದರೆ 2021ರ 32ನೇ ವಾರ. 2019ರ ಕಾರು 22 ಸಾವಿರ ಕಿಲೋಮೀಟರ್ ಮಾತ್ರ ಓಡಿದೆ ಅನ್ನುವಾಗ ನಾಲ್ಕೂ ಟೈರು ಬದಲಾಗಿದ್ದರೆ ಕಾರಣ ಕೇಳಲೇಬೇಕು.

ಫೈನ್ ವಿಷಯದಲ್ಲಿ ಆ್ಯಪ್ ಒಂದನ್ನೇ ನಂಬಬೇಡಿ, ಬೆಂಗಳೂರು ಸಂಚಾರ ಪೊಲೀಸರ ಜಾಲತಾಣದಲ್ಲಿ ಮತ್ತೊಮ್ಮೆ ನೋಡಿ. ಬೇರೆ ರಾಜ್ಯದ ಕಾರಾದರೆ ಅಲ್ಲಿಯ ಆರ್‌ಟಿಓ ಕೊಟ್ಟ ಫಾರಂ 28ರ ಎನ್‌ಓಸಿ ಕಾಣುವ ತನಕ ಮಾತು ಮುಂದುವರಿಸಬೇಡಿ. ಕರ್ನಾಟಕದ ತೆರಿಗೆ ಬೇರೆ ಕಟ್ಟಬೇಕಾಗುತ್ತೆ, ಅಗ್ಗದ ಕಾರಿನ ಅಗ್ಗ ಅಲ್ಲೇ ಕರಗುತ್ತೆ.

ಹೆಸರು ವರ್ಗಾವಣೆ ಆಗದೆ 'ಓಪನ್ ಪೇಪರ್' ಹೆಸರಿನಲ್ಲಿ ಸಹಿ ಹಾಕಿದ ಖಾಲಿ ಫಾರಂ ಕೊಡುವುದು, ತಗೊಳ್ಳುವುದು ಎರಡೂ ಬೇಡ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರಕ್ಕೆ ಹೊಣೆಯೂ ಅವರೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಡೀಲರ್ ಕೈಗೆ ಕಾರು ಬಿಡುವುದಾದರೆ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮದಂತೆ ಅಧಿಕೃತ ಡೀಲರ್‌ಗೆ ಫಾರಂ 29ಸಿ ಮೂಲಕ ಒಪ್ಪಿಸಿ.

ದುಡ್ಡು ಹೋಗಿಯೇಬಿಟ್ಟಿದ್ದರೆ ನಾಚಿಕೆಪಟ್ಟು ಒಂದು ನಿಮಿಷವೂ ಕಳೆಯಬೇಡಿ, ತಕ್ಷಣ 1930ಕ್ಕೆ ಕರೆ ಮಾಡಿ. ವಂಚಕರು ದುಡ್ಡನ್ನು ಖಾತೆಯಿಂದ ಖಾತೆಗೆ ದಾಟಿಸುತ್ತಾ ಹೋಗುತ್ತಾರೆ, ಅದು ಇನ್ನೂ ಎಲ್ಲೋ ನಿಂತಿರುವಾಗಲೇ ತಡೆಹಿಡಿಯಲು ಸಾಧ್ಯ. ಕರೆ ಮಾಡುವಾಗ ಕೈಯಲ್ಲಿರಬೇಕಾದ್ದು: ಯುಪಿಐನ 12 ಅಂಕಿಯ ರೆಫರೆನ್ಸ್ ನಂಬರ್, ಕಳಿಸಿದ ಸಮಯ, ಮೊತ್ತ, ನಿಮ್ಮ ಬ್ಯಾಂಕ್, ಹೋದ ಖಾತೆ ಅಥವಾ ಯುಪಿಐ ಐಡಿ. ಆಮೇಲೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ಪೂರ್ತಿ ದೂರು, ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಯಲ್ಲಿ ಎಫ್‌ಐಆರ್. ಜಾಹೀರಾತಿನ ಪುಟ ಮಾಯವಾಗುವ ಮೊದಲೇ ಸ್ಕ್ರೀನ್‌ಶಾಟ್ ತೆಗೆದಿಡಿ, ಚಾಟ್ ಅಳಿಸಬೇಡಿ, ಅವನ ನಂಬರನ್ನು ಸಿಟ್ಟಿನಲ್ಲಿ ಬ್ಲಾಕ್ ಮಾಡಬೇಡಿ.