ಇನ್‌ವಾಯ್ಸ್ ಟಿಪ್ಪಣಿ: ಎಡಿಫ್ಯಾಕ್ಟ್, ಎಕ್ಸ್12, ಯುಬಿಎಲ್ ಮೂರನ್ನೂ ಬಳಸಿದ ಮೇಲೆ

ಮುಚ್ಚುಮರೆ ಏಕೆ, ಇನ್‌ವಾಯ್ಸನ್ನು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಕಳುಹಿಸುವ ಈ ಮೂರು ರೂಪಗಳಲ್ಲಿ ನನ್ನ ಒಲವು ಯುಬಿಎಲ್ ಕಡೆಗೇ. ನಮ್ಮಿಂದ ಸರಕು ಕೊಳ್ಳುವ ಮೂವರು ಪಾಲುದಾರರಿಗೆ ಮೂರು ಬಗೆಯಲ್ಲಿ ಇನ್‌ವಾಯ್ಸ್ ಕಳುಹಿಸುತ್ತೇನೆ: ಒಬ್ಬರಿಗೆ ಎಡಿಫ್ಯಾಕ್ಟ್, ಇನ್ನೊಬ್ಬರಿಗೆ ಎಕ್ಸ್12, ಮತ್ತೊಬ್ಬರಿಗೆ ಇ-ಇನ್‌ವಾಯ್ಸ್ ಸಾಗಿಸುವ ಪೆಪ್ಪೋಲ್ ಜಾಲದ ಮೂಲಕ ಯುಬಿಎಲ್. ಮೊತ್ತ, ತೆರಿಗೆ, ದಿನಾಂಕ ಮೂರರಲ್ಲೂ ಸರಾಗವಾಗಿ ತಲುಪುತ್ತವೆ. ಕೈಕೊಡುವುದು ನಾವೇ ಬರೆದು ಸೇರಿಸುವ ಎರಡು ಸಾಲಿನ ಟಿಪ್ಪಣಿ.

ಎಡಿಫ್ಯಾಕ್ಟ್‌ನಲ್ಲಿ ಅದಕ್ಕೆಂದು ಎಫ್‌ಟಿಎಕ್ಸ್ ಎಂಬ ಸೆಗ್ಮೆಂಟ್, ಅಂದರೆ ಸಂದೇಶದ ಒಂದು ಘಟಕ, ಇದೆ. ನನ್ನ ಪಾಲುದಾರರು ಇನ್ನೂ ಬಿಡದ ಡಿ.96ಎ ಆವೃತ್ತಿಯಲ್ಲಿ ಒಂದು ಎಫ್‌ಟಿಎಕ್ಸ್‌ಗೆ 70 ಅಕ್ಷರಗಳ ಐದು ತುಂಡುಗಳು ಹಿಡಿಸುತ್ತವೆ. ಜಾಗದ ಬಗ್ಗೆ ನನಗೆ ತಕರಾರಿಲ್ಲ, ಚಿಹ್ನೆಗಳ ಬಗ್ಗೆ ಇದೆ. ಇಲ್ಲಿ ಕೋಲನ್ ಬಂದರೆ ತುಂಡು ಮುಗಿಯಿತು, ಅಪಾಸ್ಟ್ರಫಿ ಬಂದರೆ ಸೆಗ್ಮೆಂಟೇ ಮುಗಿಯಿತು. ಅವನ್ನು ಪಠ್ಯದೊಳಗೆ ಬರೆಯಬೇಕಾದರೆ ಹಿಂದೆ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ಕಾವಲಿಗೆ ನಿಲ್ಲಿಸಬೇಕು.

ನಮ್ಮ ತಂತ್ರಾಂಶ ಅದನ್ನು ಚಾಚೂ ತಪ್ಪದೆ ಮಾಡುತ್ತಿತ್ತು. ಆದರೂ ಆಗಾಗ ಒಂದು ಇನ್‌ವಾಯ್ಸ್ ತಿರಸ್ಕೃತವಾಗಿ ಮರಳುತ್ತಿತ್ತು. ‘ಗೊತ್ತಿಲ್ಲದ ಸೆಗ್ಮೆಂಟ್’ ಎಂಬುದಷ್ಟೇ ಕಾರಣ. ಅದೇ ಟಿಪ್ಪಣಿಯಲ್ಲಿ ಒಂದು ಪದ ಬದಲಿಸಿ ಕಳುಹಿಸಿದರೆ ತೊಂದರೆಯಿಲ್ಲದೆ ದಾಟುತ್ತಿತ್ತು. ಮೊದಲು ಜಾಲವನ್ನು ದೂರಿದೆ, ಆಮೇಲೆ ಪಾಲುದಾರರನ್ನು. ಕೊನೆಗೆ ಕಡತವನ್ನೇ ತೆರೆದು ಪರದೆಯ ಮೇಲೆ ಬೆರಳಿಟ್ಟು ಅಕ್ಷರ ಎಣಿಸಿದೆ.

ಪೈಪಿನ ಉದ್ದ ಆರು ಅಡಿ ಎಂಬುದನ್ನು 6' ಎಂದು ಬರೆದಿದ್ದೆವು. ತಂತ್ರಾಂಶ ಮೊದಲು ಕಾವಲು ಚಿಹ್ನೆ ಇಟ್ಟು, ಆಮೇಲೆ 70ಕ್ಕೆ ಕತ್ತರಿಸುತ್ತಿತ್ತು. ಆ ದಿನ ಪ್ರಶ್ನಾರ್ಥಕ ಚಿಹ್ನೆ ಸರಿಯಾಗಿ 70ನೆಯ ಸ್ಥಾನಕ್ಕೆ ಬಿದ್ದು ಮೊದಲ ತುಂಡಿನ ಬಾಲದಲ್ಲಿ ಉಳಿಯಿತು, ಅಪಾಸ್ಟ್ರಫಿ ಎರಡನೆಯ ತುಂಡಿನ ತಲೆಗೆ ಹೋಯಿತು. ಕಾವಲುಗಾರ ತನ್ನ ಮುಂದಿದ್ದ ಕೋಲನ್ನನ್ನು ಕಾಯತೊಡಗಿದ; ಅನಾಥವಾದ ಅಪಾಸ್ಟ್ರಫಿ ಸೆಗ್ಮೆಂಟನ್ನು ಅಲ್ಲೇ ಮುಗಿಸಿತು; ಉಳಿದ ಅರ್ಧ ವಾಕ್ಯ ಹೊಸ ಸೆಗ್ಮೆಂಟಿನ ವೇಷದಲ್ಲಿ ಹೋಗಿ ನಿಂತಿತು. ಮೊದಲು ಕತ್ತರಿಸಿ ಆಮೇಲೆ ಕಾವಲು ಇಟ್ಟಿದ್ದರೆ ಇಷ್ಟು ರಾಮಾಯಣವೇ ಇರುತ್ತಿರಲಿಲ್ಲ. ನಿಯಮದ ಪ್ರಕಾರ ಆ ಪ್ರಶ್ನಾರ್ಥಕ ಚಿಹ್ನೆ 70ರ ಲೆಕ್ಕಕ್ಕೆ ಸೇರುವುದೂ ಇಲ್ಲ. ತಪ್ಪು ತಂತ್ರಾಂಶದ್ದು, ಎಡಿಫ್ಯಾಕ್ಟ್‌ನದಲ್ಲ, ಒಪ್ಪಿದೆ. ಆದರೆ ಒಂದು ಪೈಪಿನ ಅಳತೆ ಬರೆಯಲು ಇಷ್ಟು ಎಚ್ಚರ ಬೇಡುವ ವ್ಯವಸ್ಥೆ ನನ್ನಂಥ ಆತುರಗಾರನಿಗೆ ಹೇಳಿ ಮಾಡಿಸಿದ್ದಲ್ಲ.

ಎಕ್ಸ್12ರಲ್ಲಿ ಟಿಪ್ಪಣಿಗೆಂದು ಇರುವ ಎನ್‌ಟಿಇ ಸೆಗ್ಮೆಂಟಿಗೆ 80 ಅಕ್ಷರಗಳ ಮಿತಿ. ನಾವು ಬಳಸುವ ಆವೃತ್ತಿಯಲ್ಲಿ ಕಾವಲು ಚಿಹ್ನೆಯ ಸೌಲಭ್ಯವೇ ಇಲ್ಲ. ಭಾಗಗಳನ್ನು ಬೇರ್ಪಡಿಸುವ ವಿಭಜಕವಾಗಿ ನಕ್ಷತ್ರವನ್ನು (*) ಆರಿಸಿಕೊಂಡಿದ್ದರೆ ಟಿಪ್ಪಣಿಯಲ್ಲಿ ನಕ್ಷತ್ರ ಬರೆಯುವಂತಿಲ್ಲ, ಅಷ್ಟೆ. ಸಾಧ್ಯವಾದಷ್ಟು ಎನ್‌ಟಿಇ ಬಳಸಬೇಡಿ ಎಂದು ಆ ಮಾನದಂಡವೇ ಹೇಳುತ್ತದೆ. ನಾನು ಆ ಮಾತನ್ನು ಸಂತೋಷದಿಂದ ಪಾಲಿಸುತ್ತೇನೆ.

ಎಕ್ಸ್‌ಎಂಎಲ್ ಎಂಬ ಟ್ಯಾಗ್‌ಗಳ ಭಾಷೆಯಲ್ಲಿ ಬರೆಯುವ ಯುಬಿಎಲ್‌ನಲ್ಲಿ ‘ನೋಟ್’ ಎಂಬ ಅಂಶದೊಳಗೆ ವಾಕ್ಯವನ್ನು ಹಾಗೆಯೇ ಸುರಿಯಬಹುದು. ತುಂಡರಿಸುವ ಗೋಜಿಲ್ಲ, ಕನ್ನಡ ಬರೆದರೂ ಕನ್ನಡವೇ ತಲುಪುತ್ತದೆ, ಎಕ್ಸ್‌ಎಂಎಲ್‌ಗೆ ಆಗದ ಚಿಹ್ನೆಗಳನ್ನು ತಂತ್ರಾಂಶದ ಸಿದ್ಧ ಲೈಬ್ರರಿಯೇ ನೋಡಿಕೊಳ್ಳುತ್ತದೆ. ಕೊರತೆ ಇಲ್ಲವೆಂದಲ್ಲ. ಜರ್ಮನಿಯ ಸಂಸ್ಥೆಗಳಿಗಿರುವ ವಿನಾಯಿತಿ ಬಿಟ್ಟರೆ, ಪೆಪ್ಪೋಲ್ ಇಡೀ ಇನ್‌ವಾಯ್ಸ್‌ಗೆ ಒಂದೇ ಟಿಪ್ಪಣಿ ಬಿಡುತ್ತದೆ. ಎರಡನೆಯದನ್ನು ಕಂಡರೆ ಪರಿಶೀಲನೆಯಲ್ಲೇ ತಡೆಯುತ್ತದೆ. ಸಾಲುಗಳ ಟಿಪ್ಪಣಿ ಬೇರೆ, ಅದಕ್ಕೆ ಪ್ರತಿ ಸಾಲಿನಲ್ಲೂ ಜಾಗವಿದೆ. ಟಿಪ್ಪಣಿ ಯಾವ ಬಗೆಯದು ಎಂದು ತಿಳಿಸುವ ಸಂಕೇತವನ್ನು ಎರಡು ಹ್ಯಾಶ್‌ಗಳ ನಡುವೆ ಪಠ್ಯದ ಮುಂದೆಯೇ ಅಂಟಿಸಬೇಕು, ಅದು ನೋಡಲು ವಿಕಾರ. ಸಿಐಐ ಎಂಬ ಇನ್ನೊಂದು ಎಕ್ಸ್‌ಎಂಎಲ್ ರೂಪದಲ್ಲಿ ಸಂಕೇತಕ್ಕೆ ಪ್ರತ್ಯೇಕ ಅಂಶವಿದೆ. ಈ ಒಂದು ವಿಷಯದಲ್ಲಿ ಅದೇ ಚೆನ್ನ.

ಖರೀದಿ ಆದೇಶದ ಸಂಖ್ಯೆಯನ್ನು ಟಿಪ್ಪಣಿಯಲ್ಲಿ ಬರೆದರೆ ಮೂರರಲ್ಲೂ ಹಣ ತಡವಾಗುತ್ತದೆ. ಅದಕ್ಕೆ ಬೇರೆ ಜಾಗವಿದೆ, ಯಂತ್ರ ಅಲ್ಲಿ ಮಾತ್ರ ಹುಡುಕುತ್ತದೆ. ಒಮ್ಮೆ ಮಾಡಿ ಅನುಭವಿಸಿದ್ದೇನೆ.

ಇಬ್ಬರೇ ನಡೆಸುವ ವ್ಯವಹಾರ ನನ್ನದು, ಉದ್ದುದ್ದ ಟಿಪ್ಪಣಿ ಬರೆಯುವುದು ನನ್ನ ಚಾಳಿ. ಎಡಿಫ್ಯಾಕ್ಟ್ ಸಾಗಿಸುವ ನಮ್ಮ ಜಾಲ ಸಾವಿರ ಅಕ್ಷರಕ್ಕಿಷ್ಟು ಎಂದು ಶುಲ್ಕ ಹಾಕುವುದರಿಂದ ಆ ಚಾಳಿಗೂ ದುಡ್ಡು ತೆರುತ್ತೇನೆ. ಹೊಸ ಪಾಲುದಾರರು ಕೇಳಿದರೆ ಯುಬಿಎಲ್ ಎನ್ನುತ್ತೇನೆ. ಡಿ.96ಎ ಪಾಲುದಾರರು ಸದ್ಯಕ್ಕೆ ಬದಲಾಗುವವರಲ್ಲ. ಅವರಿಗೆ ಹೋಗುವ ಟಿಪ್ಪಣಿಯಲ್ಲಿ ಚಿಹ್ನೆ ಬಿಟ್ಟು ‘ಅಡಿ’ ಎಂಬುದನ್ನು ಪದದಲ್ಲೇ ಬರೆಯುತ್ತಿದ್ದೇವೆ.